ಏರ್‌ಸ್ಲೈಡ್ ಬಟ್ಟೆಗೆ ಸುಂಕದ ಸಂಖ್ಯೆ ಗೊತ್ತುಮಾಡಿದ ಬಗೆ

ಸೇಡಂ, ವಾಡಿ, ಚಿತ್ತಾಪುರದ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವುದು ನನ್ನ ವ್ಯವಹಾರ. ಅಂಗಡಿ ಇರುವುದು ಕಲಬುರಗಿಯಲ್ಲಿ. ಹೊರದೇಶದ ಸರಕು ಬಿಡಿಸಿಕೊಳ್ಳುವುದು ಹೈದರಾಬಾದಿನ ಸನತ್‌ನಗರದ ಕಂಟೇನರ್ ಡಿಪೊದಲ್ಲಿ. ಪ್ರತಿ ಬಗೆಯ ಸರಕಿಗೂ ಸುಂಕ ಪಟ್ಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಎಷ್ಟು ಸುಂಕ ಎಂಬುದು ಅದರ ಮೇಲೆ. ಬೇರಿಂಗು, ವಾಲ್ವುಗಳ ಸುಂಕ ಸಂಖ್ಯೆಗೆ ಹೆಚ್ಚು ತಕರಾರು ಬರುವುದಿಲ್ಲ. ತಲೆ ತಿನ್ನುವುದು ಬಟ್ಟೆ.

ಏರ್‌ಸ್ಲೈಡ್ ಎಂದರೆ ಸಿಮೆಂಟ್ ಪುಡಿ ಸಾಗಿಸುವ ಇಳಿಜಾರಿನ, ಮುಚ್ಚಿದ ಕಾಲುವೆ. ಅದರ ನಡುವೆ ದಪ್ಪ ಪಾಲಿಯೆಸ್ಟರ್ ಬಟ್ಟೆ ಬಿಗಿದಿರುತ್ತಾರೆ. ಕೆಳಗಿನಿಂದ ಊದಿದ ಗಾಳಿ ಬಟ್ಟೆಯೊಳಗಿಂದ ನುಸುಳಿ ಬಂದರೆ ಮೇಲಿನ ಪುಡಿ ನೀರಿನಂತೆ ಹರಿಯುತ್ತದೆ. ಈ ಬಟ್ಟೆಯ ರೋಲುಗಳನ್ನು ಮೊದಲ ಬಾರಿ ತರಿಸಿದಾಗ ಬಿಲ್ಲಿನಲ್ಲಿ ಮಾರಾಟಗಾರ ‘ಸಂಸ್ಕರಿಸಿದ ಪಾಲಿಯೆಸ್ಟರ್ ಕೈಗಾರಿಕಾ ಬಟ್ಟೆ’ ಎಂದು ಬರೆದು 5407 ಎಂಬ ಸಂಖ್ಯೆ, ಅಂದರೆ ಸಿಂಥೆಟಿಕ್ ಎಳೆಯ ನೇಯ್ದ ಬಟ್ಟೆಯದು, ಹಾಕಿದ್ದ. ಸಂಸ್ಕರಿಸಿದ್ದಾದರೆ 5903 ಎಂದರು ಸರಕು ಬಿಡಿಸಿಕೊಡುವ ಏಜೆಂಟರು. ಕಾರ್ಖಾನೆಯ ಸ್ಟೋರಿನವರಿಗೆ ಯಾವ ಸಂದೇಹವೂ ಇರಲಿಲ್ಲ: “ಸಾಹೇಬರೇ, ಯಂತ್ರಕ್ಕೆ ಹಾಕುವುದಲ್ಲವೇ? 5911 ಅಂತ ಬರೆಯಿರಿ.”

ಸಂಖ್ಯೆ ಬದಲಾದರೆ ಕಟ್ಟುವ ಸುಂಕವೂ ಬದಲಾಗಬಹುದು. 5407ರ ಹಲವು ಬಟ್ಟೆಗಳಿಗೆ ಶೇಕಡಾವಾರು ದರ, ಇಲ್ಲವೇ ಅಳತೆ ಅಥವಾ ತೂಕಕ್ಕೆ ಇಂತಿಷ್ಟು ರೂಪಾಯಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. 2011ರಿಂದ ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಸುಂಕವನ್ನು ಆಮದುದಾರನೇ ನಿರ್ಧರಿಸಿ ಘೋಷಿಸಬೇಕು. ‘ಏಜೆಂಟರು ಹೇಳಿದರು’, ‘ಮಾರಾಟಗಾರ ಬರೆದಿದ್ದ’ ಎಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಸುಂಕ ಪಟ್ಟಿಯ 59ನೇ ಅಧ್ಯಾಯದ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಕುಳಿತೆ.

ಮೊದಲು 5903. ಅದು ಪ್ಲಾಸ್ಟಿಕ್ ಹೀರಿಸಿದ, ಲೇಪಿಸಿದ, ಹೊದಿಸಿದ ಅಥವಾ ಪದರವಾಗಿ ಅಂಟಿಸಿದ ಬಟ್ಟೆಗೆ. ಲೇಪನ ಬರಿಗಣ್ಣಿಗೆ ಕಾಣಬೇಕು, ಬಣ್ಣ ಬದಲಾದದ್ದು ಲೆಕ್ಕಕ್ಕಿಲ್ಲ ಎನ್ನುತ್ತದೆ ಎರಡನೇ ಟಿಪ್ಪಣಿ. ನಮ್ಮ ಬಟ್ಟೆಗೆ ಯಾವ ಸಂಸ್ಕಾರ ಮಾಡಿದ್ದೀರಿ ಎಂದು ತಯಾರಕರಿಗೆ ಪತ್ರ ಬರೆದೆ. ಶಾಖ ಕೊಟ್ಟು ಬಿಗಿಗೊಳಿಸಿದ್ದೇವೆ, ಮೇಲೆ ಏನೂ ಬಳಿದಿಲ್ಲ ಎಂಬ ಉತ್ತರ ಬಂತು. ಬಳಿದರೆ ರಂಧ್ರ ಮುಚ್ಚಿ ಗಾಳಿಯೇ ಹಾಯುವುದಿಲ್ಲವಲ್ಲ! 5903 ಅಲ್ಲಿಗೆ ಬಿದ್ದುಹೋಯಿತು.

ಸ್ಟೋರಿನವರ ತರ್ಕವೂ ಅಷ್ಟು ಸಲೀಸಲ್ಲ. 5911 ಇರುವುದು ತಾಂತ್ರಿಕ ಬಳಕೆಯ ಬಟ್ಟೆಗಳಿಗೆ, ಆದರೆ ಕಾರ್ಖಾನೆಯಲ್ಲಿ ಬಳಸಿದ ಮಾತ್ರಕ್ಕೆ ಯಾವ ಬಟ್ಟೆಯೂ ಅಲ್ಲಿಗೆ ಹೋಗುವುದಿಲ್ಲ. ಸಿದ್ಧವಸ್ತುಗಳ ಮಾತು ಬೇರೆ. ರೋಲಿನಲ್ಲೋ ಚೌಕಾಕಾರದ ತುಂಡಿನಲ್ಲೋ ಬರುವ ಬಟ್ಟೆಯಾದರೆ ಎಂಟನೇ ಟಿಪ್ಪಣಿಯ ಪಟ್ಟಿಯಲ್ಲಿ ಅದರ ಬಗೆ ಇರಲೇಬೇಕು, ಆ ಪಟ್ಟಿಗೆ ನಾವು ಏನನ್ನೂ ಸೇರಿಸುವಂತಿಲ್ಲ. (2022ಕ್ಕೆ ಮೊದಲು ಇದೇ ಏಳನೇ ಟಿಪ್ಪಣಿಯಾಗಿತ್ತು, ಹಳೆಯ ತೀರ್ಪು ಓದುವವರು ಗಮನಿಸಿ.) ಆ ಪಟ್ಟಿಯಲ್ಲೊಂದು ಬಗೆ: ಯಂತ್ರಗಳಲ್ಲಿ ಅಥವಾ ಬೇರೆ ತಾಂತ್ರಿಕ ಕೆಲಸಕ್ಕೆ ಬಳಸುವಂಥ, ಹಾಸು (ಉದ್ದದ ಎಳೆಗಳು) ಅಥವಾ ಹೊಕ್ಕು (ಅಡ್ಡ ಎಳೆಗಳು) ಒಂದು ಪದರಕ್ಕಿಂತ ಹೆಚ್ಚಿರುವ ಚಪ್ಪಟೆ ನೇಯ್ಗೆಯ ಬಟ್ಟೆ. ರೋಲಿನ ಅಂಚನ್ನು ಬ್ಲೇಡಿನಿಂದ ಕೊಯ್ದು, ಸೂಜಿಯಿಂದ ಎಳೆ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದೆ. ಹಾಸಿನ ಎಳೆಗಳು ಒಂದರ ಮೇಲೊಂದು ಪದರಗಳಾಗಿ ನಿಂತು, ಒಟ್ಟಿಗೇ ಹೆಣೆದುಕೊಂಡಿದ್ದವು. ಪಟ್ಟಿಯಲ್ಲಿ ಹೇಳಿದ ಸರಕು 11ನೇ ವಿಭಾಗದ ಬೇರೆ ಯಾವ ಶೀರ್ಷಿಕೆಗೂ ಸೇರುವುದಿಲ್ಲವಾದ್ದರಿಂದ 5407ರ ಮಾತೂ ಮುಗಿಯಿತು. ಸ್ಟೋರಿನವರು ಹೇಳಿದ ಸಂಖ್ಯೆಯೇ ನಿಂತಿತು, ಅವರು ಕೊಟ್ಟ ಕಾರಣ ನಿಲ್ಲಲಿಲ್ಲ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಕೊಡುವ ಫಿಲ್ಟರ್ ಪ್ರೆಸ್ (ದ್ರವವನ್ನು ಒತ್ತಿ ಸೋಸುವ ಯಂತ್ರ) ಬಟ್ಟೆ ಇದಕ್ಕಿಂತ ಮೋಸದ್ದು. ಪಾಲಿಪ್ರೊಪಿಲೀನ್ ನೇಯ್ಗೆ, ಒಂದು ಮಗ್ಗುಲು ನುಣುಪಾಗಿ ಹೊಳೆಯುತ್ತದೆ. ನೋಡಿದವರು ಲೇಪನ ಎಂದೇ ಹೇಳುತ್ತಾರೆ. ಅಂಚಿನಿಂದ ಒಂದು ಎಳೆ ಎಳೆದರೆ ಅದು ಚಪ್ಪಟೆಯಾಗಿ, ಒಂಟಿಯಾಗಿ ಹೊರಬರುತ್ತದೆ, ಜೊತೆಗೆ ಯಾವ ಪೊರೆಯೂ ಹರಿಯುವುದಿಲ್ಲ. ಬಿಸಿ ರೋಲರುಗಳ ನಡುವೆ ಹಾಯಿಸಿದಾಗ ನೂಲೇ ಒತ್ತಿ ನುಣುಪಾದದ್ದು ಅದು. ಒಂಟಿ ಹಾಸಿನ ಬಟ್ಟೆಯಾದರೂ ಎಂಟನೇ ಟಿಪ್ಪಣಿ ಸೋಸುವ ಬಟ್ಟೆಯನ್ನು ಪ್ರತ್ಯೇಕವಾಗಿಯೇ ಹೇಳಿದೆ, ಹಾಗಾಗಿ 5911 40. ಟಿಪ್ಪಣಿಯಲ್ಲಿರುವುದು ಎಣ್ಣೆ ಗಾಣ ಮತ್ತು ಅಂಥವುಗಳಲ್ಲಿ ಬಳಸುವ ಸೋಸು ಬಟ್ಟೆ ಎಂಬ ಮಾತು. ಸುಂಕ ಪಟ್ಟಿಯ ವಿವರಣಾ ಗ್ರಂಥ ಅದನ್ನು ಸಕ್ಕರೆ ಕಾರ್ಖಾನೆ, ಧೂಳು ಹಿಡಿಯುವ ಯಂತ್ರಗಳವರೆಗೂ ಹಿಗ್ಗಿಸುತ್ತದೆ.

ಪಿವಿಸಿ ಬಳಿದ ತಾಡಪಾಲಿನ ಬಟ್ಟೆಗೆ ದಾರಿ ಬೇರೆ. ಎರಡೂ ಬದಿಗೆ ಪೂರ್ತಿ ಲೇಪನವಾಗಿ ಅದು ಕಣ್ಣಿಗೆ ಕಾಣುತ್ತಿದ್ದರೆ ಸುಂಕದ ಮಟ್ಟಿಗೆ ಅದು ಬಟ್ಟೆಯೇ ಅಲ್ಲ, 39ನೇ ಅಧ್ಯಾಯದ ಪ್ಲಾಸ್ಟಿಕ್. ಒಂದೇ ಬದಿಯಾದರೆ ಬಾಗಿಸಿ ನೋಡಬೇಕು: 7 ಮಿ.ಮೀ. ವ್ಯಾಸದ ಸರಳಿನ ಸುತ್ತ, ಕೈಯಿಂದ, 15ರಿಂದ 30 ಡಿಗ್ರಿ ಉಷ್ಣತೆಯಲ್ಲಿ. ಮುರಿದರೆ ಅದೂ ಪ್ಲಾಸ್ಟಿಕ್ಕಿಗೇ. ಈ 30 ಡಿಗ್ರಿಯ ಮಿತಿ ಹಾಕಿದವರು ಕಲಬುರಗಿಯ ಮೇ ತಿಂಗಳು ಕಂಡವರಲ್ಲ. ಏಪ್ರಿಲ್‌ನಿಂದ ಮಳೆ ಬರುವ ತನಕ ಈ ಪರೀಕ್ಷೆಯನ್ನು ಎ.ಸಿ. ಇರುವ ಕೋಣೆಯಲ್ಲಿ, ಗೋಡೆಯ ಉಷ್ಣಮಾಪಕ ನೋಡಿಕೊಂಡೇ ಮಾಡುತ್ತೇನೆ. 42 ಡಿಗ್ರಿಯಲ್ಲಿ ಪಿವಿಸಿ ಮೆತ್ತಗಾಗಿ ಹೇಗೆಂದರೆ ಹಾಗೆ ಬಾಗುತ್ತದೆ.

ಏರ್‌ಸ್ಲೈಡ್ ರೋಲಿಗೆ ಅಧಿಕಾರಿಗಳು ಪ್ರಶ್ನೆ ಹಾಕಿಯೇ ಹಾಕಿದರು. ತಯಾರಕರ ಪತ್ರ, ಅಂಚು ಬಿಡಿಸಿದ ತುಂಡು, ಟಿಪ್ಪಣಿಯ ಪ್ರತಿ ಮುಂದಿಟ್ಟೆ. ಅವರು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, 18ನೇ ಕಲಮಿನಡಿ ತಾತ್ಕಾಲಿಕ ನಿರ್ಧಾರದ ಮೇಲೆ ಸರಕು ಬಿಟ್ಟರು. ಬಾಂಡ್ ಬರೆದುಕೊಡಬೇಕಾಯಿತು, ಆದರೆ ಡಿಪೊದ ಬಾಡಿಗೆ ಉಳಿಯಿತು. ವರದಿಯಲ್ಲಿ ಬಹುಪದರ ನೇಯ್ಗೆ, ಲೇಪನವಿಲ್ಲ ಎಂದೇ ಬಂತು. ದೊಡ್ಡ ಮೊತ್ತದ ಸರಕು ಪದೇಪದೇ ತರಿಸುವವರು ದೆಹಲಿ ಅಥವಾ ಮುಂಬಯಿಯ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು.

ಈಗ ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದು ಘೋಷಣೆಯ ಪತ್ರದಲ್ಲಿ, ‘ಸಂಸ್ಕರಿಸಿದ’ ಎಂದಷ್ಟೇ ಬರೆಯಲು ಬಿಡುವುದಿಲ್ಲ. ನೂಲು ಯಾವುದು, ಹಾಸು ಎಷ್ಟು ಪದರ, ಶಾಖವೋ ಲೇಪನವೋ, ಲೇಪನವಾದರೆ ಒಂದು ಬದಿಯೋ ಎರಡೋ, ಎಲ್ಲವನ್ನೂ ಬರೆಸುತ್ತೇನೆ. ಪ್ರತಿ ರೋಲಿನ ಒಂದು ತುಂಡಿಗೆ ಬಿಲ್ಲಿನ ಸಂಖ್ಯೆ ಹಚ್ಚಿ ಕಪಾಟಿನಲ್ಲಿ ಇಡುತ್ತೇನೆ. 28ನೇ ಕಲಮಿನಂತೆ ಸುಂಕ ಕಡಿಮೆಯಾಯಿತೆಂಬ ನೋಟಿಸು ಎರಡು ವರ್ಷದವರೆಗೆ ಬರಬಹುದು, ವಿಷಯ ಮುಚ್ಚಿಟ್ಟ ಆರೋಪವಿದ್ದರೆ ಐದು ವರ್ಷದವರೆಗೆ. ಅಷ್ಟರಲ್ಲಿ ರೋಲು ಏರ್‌ಸ್ಲೈಡಿನಲ್ಲಿ ಸವೆದು ಗುಜರಿಗೆ ಹೋಗಿರುತ್ತದೆ.