ಇಸ್ತ್ರಿ ಪೆಟ್ಟಿಗೆಯ ವಯಸ್ಸು ತುಕ್ಕಿನಲ್ಲಿಲ್ಲ

ಕಾರವಾರದ ಭಾನುವಾರ ಸಂತೆಯಲ್ಲಿ ತರಕಾರಿ ಚೀಲ ಹೆಂಡತಿ ಕೈಗಿಟ್ಟು ನಾನು ಮೆಲ್ಲಗೆ ಹಳೇ ಸಾಮಾನಿನ ಕಡೆ ಜಾರುತ್ತೇನೆ. ನನ್ನ ಹುಚ್ಚು ಇದ್ದಲಿನ ಇಸ್ತ್ರಿ ಪೆಟ್ಟಿಗೆ. ಮನೆಯಲ್ಲಿ ಆಗಲೇ ಹದಿನಾಲ್ಕಿವೆ. ಮಾರುವವರೆಲ್ಲ ಹೇಳುವುದು ಒಂದೇ, "ಬ್ರಿಟಿಷರ ಕಾಲದ್ದು ಸಾರ್". ಹೇಳಲಿ ಬಿಡಿ.

ತುಕ್ಕನ್ನಂತೂ ನಂಬಬೇಡಿ. ನಮ್ಮ ಕಡಲ ಗಾಳಿಗೆ ಎರಡು ಮಳೆಗಾಲ ಅಂಗಳದಲ್ಲಿ ಬಿದ್ದಿದ್ದರೆ ಹೊಸ ಕಬ್ಬಿಣವೂ ಮುತ್ತಜ್ಜನದ್ದರಂತೆ ಕಾಣುತ್ತದೆ. ಹಿತ್ತಾಳೆಯದ್ದು ಅಂದರೆ ಪಕ್ಕಕ್ಕೆ ಅಯಸ್ಕಾಂತ ಹಿಡಿಯಿರಿ. ತಳ ಕಬ್ಬಿಣದ್ದಾಗಿದ್ದರೆ ಅಲ್ಲಿ ಅಂಟಬಹುದು. ಪಕ್ಕಕ್ಕೂ ಅಂಟಿದರೆ ಅದು ಬರೀ ಬಣ್ಣ.

ಆಮೇಲೆ ಅಕ್ಷರ ಹುಡುಕಿ. ಮುಚ್ಚಳದ ಮೇಲೆ, ಒಳಗೆ, ಹಿಂದಿನ ಕೀಲಿನ ಹತ್ತಿರ. ಬರೀ 6, 7 ಅಂತಿದ್ದರೆ ಅದು ಅಳತೆಯ ನಂಬರ್, ವರ್ಷ ಅಲ್ಲ. ವಿಳಾಸವಿದ್ದರೆ ಹಬ್ಬ! ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಯಾಕೆಂದರೆ ಪಿನ್ ಬಂದದ್ದೇ ಅವತ್ತು. 'ಕರ್ನಾಟಕ' ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ ಆಮೇಲಿನದು, ಅದಕ್ಕೂ ಮುಂಚೆ ರಾಜ್ಯದ ಹೆಸರು ಮೈಸೂರು. ತೂಕ ಪೌಂಡಿನಲ್ಲಿದ್ದು ಇಲ್ಲಿಯೇ ಮಾಡಿದ್ದಾದರೆ ಬಹುಶಃ 1962ರ ಹಿಂದಿನದು. ಮೆಟ್ರಿಕ್ ತೂಕ 1958ರಲ್ಲಿ ಶುರುವಾಗಿ 1962ಕ್ಕೆ ಕಡ್ಡಾಯವಾಯಿತು.

ಆದರೆ ಅಕ್ಷರವೂ ಮೋಸ ಮಾಡುತ್ತದೆ. ಹಳೇ ಪೆಟ್ಟಿಗೆಯನ್ನೇ ಅಚ್ಚಾಗಿಟ್ಟು ಹೊಸದನ್ನು ಎರಕ ಹೊಯ್ದರೆ ಅಕ್ಷರವೂ ಹಾಗೇ ಇಳಿಯುತ್ತದೆ. ಅಂಚು ಮಾತ್ರ ಮೊಂಡಾಗಿ, ಸೋಪಿನ ಮೇಲಿನ ಹೆಸರಿನಂತೆ ಕರಗಿರುತ್ತದೆ.

ಸ್ಕ್ರೂ ನೋಡಿ. ಕೂಡಿಸುವ ಗುರುತಿನಂಥ ತಲೆಯ ಸ್ಕ್ರೂ ಅಮೆರಿಕದಲ್ಲಿ ಬಂದದ್ದೇ 1930ರ ದಶಕದಲ್ಲಿ. ಆದರೆ ಒಂದೇ ಸ್ಕ್ರೂ ಹಾಗಿದ್ದರೆ ಅವಸರ ಬೇಡ, ಯಾರೋ ಹಿಡಿ ರಿಪೇರಿ ಮಾಡಿಸಿರುತ್ತಾರೆ. ಮರದ ಹಿಡಿ ನಿಜಕ್ಕೂ ಬಳಕೆಯಾಗಿದ್ದರೆ ಅಂಗೈ ಕೂರುವ ಜಾಗ ಮಾತ್ರ ನುಣುಪು. ಸುತ್ತಲೂ ಒಂದೇ ಸಮ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ. ಒಳಗಿನ ಮೂಲೆಯಲ್ಲಿ ಗಟ್ಟಿಯಾದ ಬೂದಿ ಸಿಕ್ಕರೆ ನನಗೆ ಸಂತೋಷ. ನಮ್ಮಲ್ಲಿ ಕರಟದ ಕೆಂಡ ತುಂಬಿ ಎಷ್ಟು ಅಂಗಿ ತೀಡಿಲ್ಲ, ಅಲ್ವಾ?

ಓದುವ ಮುಂಚೆ ತೊಳೆಯಬೇಡಿ. ನಾನು ಅಂಕೋಲೆಯಲ್ಲಿ ಕೊಂಡ ಮೊದಲನೆಯದನ್ನು ಬಿಂಬುಳಿ ಕಾಯಿಯ ಹುಳಿ ಹಚ್ಚಿ, ಅದೂ ಸಾಲದೆ ಉಜ್ಜುಕಾಗದ ಹಾಕಿ ತಿಕ್ಕಿದೆ. ಕೀಲಿನ ಪಕ್ಕ ಮೂರು ಅಕ್ಷರವಿತ್ತು. ಈಗ ಹೊಳಪಿದೆ, ಅಕ್ಷರವಿಲ್ಲ.

ಕಳೆದ ತಿಂಗಳು ತಂದದ್ದರಲ್ಲಿ 'ಬಾಂಬೆ-4' ಅಂತಿದೆ (4 ಅಂದರೆ ಪಿನ್‌ಗೂ ಮುಂಚಿನ ಅಂಚೆ ವಲಯದ ನಂಬರ್), ಪಿನ್ ಇಲ್ಲ, ತೂಕ ಪೌಂಡಿನಲ್ಲಿ. ಹಿಡಿಯ ಒಂದು ಸ್ಕ್ರೂ ಮಾತ್ರ ಹೊಸದು. '1962ಕ್ಕೆ ಹಿಂದೆ?' ಅಂತ ಚೀಟಿ ಬರೆದು ಕಟ್ಟಿದ್ದೇನೆ. ಪ್ರಶ್ನೆಯ ಗುರುತನ್ನು ಅಳಿಸುವ ಧೈರ್ಯ ಇನ್ನೂ ಬಂದಿಲ್ಲ.