ಹಾಸಿಗೆ ಹಿಡಿದವರನ್ನು ಹೊಳ್ಳಿಸುವುದು ಹೇಗೆ?

ಮುಧೋಳದ ಕಡೆ ಒಂದು ಮನೆಗೆ ಹೋಗಿದ್ದೆ. ಎಚ್‌ಐವಿ ಬಹಳ ಮುಂದುವರಿದು ತಮ್ಮ ಹಾಸಿಗೆ ಹಿಡಿದಿದ್ದ. ಅಣ್ಣ ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಕಂಕುಳಲ್ಲಿ ಕೈ ಕೊಟ್ಟು ಅವನನ್ನು ದರದರ ಮೇಲಕ್ಕೆ ಎಳೆದ. ಪ್ರೀತಿಗೇನೂ ಕಮ್ಮಿ ಇರಲಿಲ್ಲ. ಆದರೆ ಟೊಂಕದ ಕೆಳಗಿನ ಎಲುಬಿನ ಮೇಲೆ ನಾಲ್ಕಾಣೆಯಷ್ಟಗಲ ಚರ್ಮ ಕಿತ್ತುಹೋಗಿತ್ತು. ಬಾಗಲಕೋಟೆ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ.

ಮೊದಲು ಗ್ಲೌಸ್ ತೆಗೆಯಿರಿ. ಮುಟ್ಟಿದರೆ, ಬೆವರು ತಾಗಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಬರುವುದಿಲ್ಲ. ರಕ್ತ, ಗಾಯ, ಭೇದಿ ಇದ್ದಾಗ ಮಾತ್ರ ಹಾಕಿಕೊಳ್ಳಿ. ಅಂದು ಅಣ್ಣ ಬರಿಗೈಯಲ್ಲಿ ಬೆನ್ನು ಮುಟ್ಟಿದಾಗ ತಮ್ಮ ಹೇಳಿದ್ದು ಒಂದೇ ಮಾತು: "ಕೈ ತಣ್ಣಗೈತಿ ನೋಡೋ ಅಣ್ಣಾ."

ಎರಡನೆಯದು ಹಾಸಿಗೆ. ಕೌದಿ ಹೊದಿಸಿ, ಹಾಸಬೇಡಿ. ಸೊರಗಿದ ಮೈಗೆ ಅದರ ಒಂದೊಂದು ಹೊಲಿಗೆಯೂ ಒತ್ತುತ್ತದೆ. ಹಳೆಯ ಮೆತ್ತನೆಯ ಹತ್ತಿ ಸೀರೆಯನ್ನು ಮಡಚಿ, ಭುಜದಿಂದ ತೊಡೆಯವರೆಗೆ ಸುಕ್ಕಿಲ್ಲದಂತೆ ಹಾಸಿ.

ಈಗ ಹೊಳ್ಳಿಸುವುದು. ಎಲ್ಲರೂ ತಪ್ಪುವುದು ಇಲ್ಲೇ. ಡಾಕ್ಟರ್ ಬರೆದ ನೋವಿನ ಗುಳಿಗೆ ಕೊಟ್ಟು ಅರ್ಧ ತಾಸಾದ ಮೇಲೆ ಶುರು ಮಾಡಿ. "ಎಡಕ್ಕೆ ಹೊಳ್ಳಿಸ್ತೀವಿ" ಎಂದು ಅವರಿಗೆ ಹೇಳಿ. ಸುಮ್ನೆ ಹಿಡಿದರೆ ಮೈ ಬಿಗಿಮಾಡುತ್ತಾರೆ, ನೋವು ಜಾಸ್ತಿಯಾಗುತ್ತದೆ. ಬಲ ಮೊಣಕಾಲು ಮಡಿಸಿ, ಬಲಗೈ ಎದೆ ಮೇಲಿಡಿ. ಇದಕ್ಕೆ ಇಬ್ಬರು ಬೇಕು. ಎರಡು ಬದಿ ನಿಂತು, ಸೀರೆಯ ಅಂಚನ್ನು ಮೈ ಹತ್ತಿರದವರೆಗೆ ಸುರುಳಿ ಸುತ್ತಿ ಹಿಡಿಯಿರಿ. ಒಟ್ಟಿಗೆ ಎತ್ತಿ, ಸ್ವಲ್ಪ ಬಲಕ್ಕೆ ಇಡಿ. ಎಳೆಯಲೇಬೇಡಿ. ಆಮೇಲೆ ಬಲಬದಿಯವರು ಸೀರೆ ಮೇಲೆತ್ತಿದರೆ ಮೈ ತಾನಾಗಿ ಎಡಕ್ಕೆ ವಾಲುತ್ತದೆ. ಪೂರ್ತಿ ಮಗ್ಗಲು ಮಾಡಬೇಡಿ, ಟೊಂಕದ ಪಕ್ಕದ ಎಲುಬಿನ ಮೇಲೆ ಭಾರವೆಲ್ಲ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿಯ ಕೆಳಗೆ ನಿಮ್ಮ ಅಂಗೈ ಸಲೀಸಾಗಿ ತೂರಬೇಕು. 2 ತಾಸಿಗೊಮ್ಮೆ ಹೀಗೆ, ರಾತ್ರಿಯೂ. ಪಾಳಿ ಹಚ್ಚಿಕೊಳ್ಳಿ.

ಪ್ರತಿ ಸಲ ಚರ್ಮ ನೋಡಿ. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ಮಾಸದಿದ್ದರೆ ಒಂದೇ ಕಡೆ ಒತ್ತಿ ಆಗುವ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿ ನೋಡಿ. ಆ ಜಾಗದ ಮೇಲೆ ಮಲಗಿಸಬೇಡಿ, ತಿಕ್ಕಬೇಡಿ, ನರ್ಸ್‌ಗೆ ತೋರಿಸಿ. ಸ್ಪಿರಿಟ್, ಪೌಡರ್ ಯಾವುದೂ ಬೇಡ. ನಡುವೆ ತೂತಿರುವ ರಿಂಗ್ ದಿಂಬಿಗೆ ದುಡ್ಡು ಹಾಕಬೇಡಿ. ಅದು ಸುತ್ತ ಒತ್ತಿ ರಕ್ತ ಓಡಾಡದಂತೆ ಮಾಡುತ್ತದೆ. ಗಾಳಿ ಹಾಸಿಗೆ ತಂದರೆ ಒಳ್ಳೆಯದೇ, ಆದರೂ ಹೊಳ್ಳಿಸುವುದು ತಪ್ಪುವುದಿಲ್ಲ.

ನೋವಿನ ಗುಳಿಗೆ ಗಡಿಯಾರ ನೋಡಿ ಕೊಡಿ, ನರಳುವವರೆಗೆ ಕಾಯಬೇಡಿ. ಮಾರ್ಫಿನ್ ಬರೆದಿದ್ದರೆ ಮಲಬದ್ಧತೆಗೂ ಔಷಧ ಕೇಳಿ ತನ್ನಿ.

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಮಾತ್ರ ನಿಲ್ಲಿಸಬೇಡಿ. "ಇನ್ನೇನೈತಿ" ಎಂದು ಮನೆಯವರೇ ಬಿಟ್ಟುಬಿಡುತ್ತಾರೆ. ರೋಗದ ವಿರುದ್ಧ ಹೋರಾಡುವ ಸಿಡಿ4 ರಕ್ತಕಣಗಳ ಲೆಕ್ಕ 200ಕ್ಕಿಂತ ಕೆಳಗೆ ಇಳಿದವರು ಮತ್ತೆ ಎದ್ದು ಹೊಲಕ್ಕೆ ಹೋಗಿದ್ದನ್ನು ಕಂಡಿದ್ದೇನೆ. ನುಂಗಲು ಆಗುತ್ತಿಲ್ಲ ಅಂದರೆ ಎಆರ್‌ಟಿ ಕೇಂದ್ರಕ್ಕೆ ಅಂದೇ ತಿಳಿಸಿ. ಯಾರನ್ನು ಕೇಳಬೇಕು ತೋಚದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದು ಉಚಿತ.