ಗಣಿತ ಬೋಧನೆಯ ಪದವಿಗೆ ಸೇರುವ ಮುನ್ನ ಒಂದು ಅಭ್ಯಾಸ

ಪ್ಲಸ್ ಟು ಮುಗಿಸಿ ಗಣಿತದ ಬಿ.ಎಸ್ಸಿ., ಬಿ.ಇಡಿ. ಪದವಿಗೆ ಸೇರಲಿರುವ ನಮ್ಮ ಕಾಸರಗೋಡಿನ ಮಕ್ಕಳು ಈ ರಜೆಯಲ್ಲಿ ಹೈಸ್ಕೂಲಿನ ಗಣಿತ ಪಠ್ಯದಿಂದ ದಿನಕ್ಕೊಂದು ನಿಯಮವನ್ನು ಆರಿಸಿಕೊಂಡು, ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಹಂತವನ್ನೂ ಬಲಕ್ಕೆ ಆ ಹಂತದ ಕಾರಣವನ್ನೂ ಬರೆಯುವುದು ಒಳ್ಳೆಯದು. (ಶಾಲಾ ಪಠ್ಯಗಳನ್ನು ಸಿದ್ಧಪಡಿಸುವ ಕೇರಳ ಎಸ್‌ಸಿಇಆರ್‌ಟಿಯ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಗಳು ಉಚಿತವಾಗಿ ಸಿಗುತ್ತವೆ.) ಉದಾಹರಣೆಗೆ, (−1) × (−1) = 1 ಏಕೆ ಎಂಬುದಕ್ಕೆ, ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಆದ್ದರಿಂದ (−1) × (1 + (−1)) = 0 ಎಂದು ಆರಂಭಿಸಿ, ವಿಭಾಜಕ ನಿಯಮದಂತೆ ಒಳಗಿನ ಎರಡನ್ನೂ −1ರಿಂದ ಗುಣಿಸಿ ಆವರಣ ಬಿಡಿಸಿದರೆ −1 + (−1) × (−1) = 0 ಎಂದಾಗುತ್ತದೆ; −1ಕ್ಕೆ ಕೂಡಿದಾಗ ಸೊನ್ನೆ ಕೊಡುವ ಸಂಖ್ಯೆ 1 ಮಾತ್ರ. ಬಲಬದಿಯಲ್ಲಿ ‘ನಿಯಮ ಹಾಗಿದೆ’ ಎಂದಷ್ಟೇ ಬರೆಯಬೇಕಾಗಿ ಬಂದ ಕಡೆ ನಿಂತು ಇನ್ನೊಮ್ಮೆ ಕಲಿಯಬೇಕು. ಪದವಿ ತರಗತಿಯಲ್ಲಿ ಉತ್ತರಕ್ಕಿಂತ ಸಾಧನೆಗೆ, ಅಂದರೆ ಕಾರಣ ಕೊಟ್ಟು ಸಾಧಿಸಿ ತೋರಿಸುವುದಕ್ಕೆ, ಬೆಲೆ ಹೆಚ್ಚು, ಮುಂದೆ ಎಂಟನೆಯ ತರಗತಿಯ ಮಗು ‘ಯಾಕೆ ಟೀಚರ್?’ ಎಂದು ಕೇಳುವುದೂ ಈ ಬಲಬದಿಯನ್ನೇ. ಆದ್ದರಿಂದ ಇದು ಎರಡಕ್ಕೂ ಒದಗುತ್ತದೆ. ಆದರೆ 0! (ಸೊನ್ನೆಯ ಫ್ಯಾಕ್ಟೋರಿಯಲ್) = 1 ಎಂಬಂಥ ವ್ಯಾಖ್ಯೆಗಳಿಗೆ ಇದು ಹೊಂದದು, ಅಲ್ಲಿ ಸಾಧಿಸಲು ಏನೂ ಇರುವುದಿಲ್ಲ. ಪ್ರವೇಶ ಪರೀಕ್ಷೆಗೆ ಬೇಕಾದ ವೇಗವೂ ಇದರಿಂದ ಬಾರದು. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡೇ ಬಿಡಿಸಬೇಕು.